ಮಕ್ಕಳ ಕೈಗೆ ಝಾರ್ ಕಾಲದ ಪದಕ

ಭಾನುವಾರದ ಹಳೇ ಸಾಮಾನಿನ ಸಂತೆ. ಗಾಜಿನ ಮುಚ್ಚಳದ ಪೆಟ್ಟಿಗೆಯೊಳಗೆ ಕಪ್ಪು-ಕಿತ್ತಳೆ ಪಟ್ಟೆಯ ರಿಬ್ಬನ್ನಿಗೆ ಜೋತುಬಿದ್ದ ಪುಟ್ಟ ಬೆಳ್ಳಿ ಶಿಲುಬೆ. ನಿಮ್ಮ ಮಗನೋ ಮಗಳೋ ಅದರ ಮುಂದೆ ಕಾಲೂರಿ ನಿಂತು "ಅಪ್ಪಾ, ಇದು ನಿಜವಾದ್ದಾ?" ಅಂತ ಕೇಳಿದರೆ ಏನು ಹೇಳುತ್ತೀರಿ?

ಬರ್ಲಿನ್, ಪ್ಯಾರಿಸ್, ಬ್ರಸೆಲ್ಸ್, ಲಂಡನ್ ಕಡೆ ಇರುವವರಿಗೆ ಈ ಪ್ರಶ್ನೆ ಹೊಸದಲ್ಲ. ಅಮೆರಿಕ, ಕೆನಡಾದಲ್ಲಿ ನಾಣ್ಯ ಮೇಳಗಳಿಗೆ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೂ ಹೊಸದಲ್ಲ. 1917ಕ್ಕೆ ಮೊದಲಿನ ರಷ್ಯಾ ಸಾಮ್ರಾಜ್ಯದ ಬಿರುದುಗಳು, ಸೈನಿಕ ಪದಕಗಳು ಇವತ್ತು ಜಗತ್ತಿನ ಮೂಲೆಮೂಲೆಗೆ ಚೆದುರಿಹೋಗಿವೆ. ಸಂಗ್ರಹಕಾರರಲ್ಲಿ ಅವಕ್ಕೆ ಬಹಳ ಬೇಡಿಕೆ. ಬೇಡಿಕೆ ಇದ್ದ ಕಡೆ ನಕಲಿಯೂ ಧಾರಾಳ. ಸ್ಟಾಂಪು, ನಾಣ್ಯ, ಪೋಕೆಮಾನ್ ಕಾರ್ಡುಗಳ ನಂತರ ಹತ್ತು-ಹನ್ನೊಂದು ವಯಸ್ಸು ದಾಟಿದ, ಇತಿಹಾಸದ ಪುಸ್ತಕ ಕಂಡರೆ ಬಿಡದ ಮಕ್ಕಳಿಗೆ ಈ ಹುಚ್ಚು ಸುಲಭವಾಗಿ ಹತ್ತುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇದು ಒಳ್ಳೆಯ ಹವ್ಯಾಸ. ಆದರೆ ಮಗುವನ್ನು ಒಂಟಿಯಾಗಿ ಇದರೊಳಗೆ ಬಿಡಬೇಡಿ. ದುಡ್ಡು ಹೋಗುತ್ತದೆ ಅನ್ನುವುದು ಸಣ್ಣ ಕಾರಣ. ದೊಡ್ಡ ಕಾರಣ ತರಗತಿಯಲ್ಲಿ ಪಕ್ಕದ ಬೆಂಚಿನ ಮೇಲೆ ಕೂತಿರುತ್ತದೆ. ಅಲ್ಲಿಗೆ ಆಮೇಲೆ ಬರೋಣ.

ಬಿರುದು ಬೇರೆ, ಪದಕ ಬೇರೆ

"ಆರ್ಡರ್ ಆಫ್ ಸೇಂಟ್ ಜಾರ್ಜ್" ಅಂದರೆ ನಮ್ಮ ಮಕ್ಕಳಿಗೆ ಮೊದಲು ನೆನಪಾಗುವುದು ಪೀಟ್ಸಾ ಆರ್ಡರ್. ಇಲ್ಲಿ ಆರ್ಡರ್ ಅಂದರೆ ಮೂಲದಲ್ಲಿ ಒಂದು ಕೂಟ, ವೀರರ ಗಣ. ದೊರೆ ನಿಮ್ಮನ್ನು ಆ ಗಣಕ್ಕೆ ಸೇರಿಸಿಕೊಂಡ; ಸೇರಿದ್ದಕ್ಕೆ ಗುರುತಾಗಿ ಶಿಲುಬೆ, ನಕ್ಷತ್ರ, ಪಟ್ಟಿ ಕೊಟ್ಟ. ಪದಕ ಅಷ್ಟು ದೊಡ್ಡದಲ್ಲ. ಒಂದು ಯುದ್ಧದಲ್ಲಿ ಇದ್ದಿರಿ, ಒಂದು ಕೋಟೆ ಹಿಡಿದಿರಿ, ಒಂದು ಉತ್ಸವದ ದಿನ ಸೇವೆಯಲ್ಲಿದ್ದಿರಿ ಅನ್ನುವುದಕ್ಕೆ ಸಾಕ್ಷಿ. ಮಕ್ಕಳಿಗೆ ಇದನ್ನು ಕನ್ನಡದಲ್ಲಿ ಹೇಳಲು ನಮ್ಮಲ್ಲಿ ಒಳ್ಳೆಯ ಮಾತುಗಳೇ ಇವೆ. ವೀರನ ಕಾಲಿಗೆ ತೊಡಿಸುತ್ತಿದ್ದ ಗಂಡಪೆಂಡಾರ ಬಿರುದಿನ ಗುರುತು. ಹೆಸರಿನ ಮುಂದೆ ಸಾಲುಸಾಲಾಗಿ ಕೂಗುತ್ತಿದ್ದದ್ದು ಬಿರುದಾವಳಿ. ಸತ್ತ ಯೋಧನಿಗೆ ನಿಲ್ಲಿಸುತ್ತಿದ್ದದ್ದು ವೀರಗಲ್ಲು. ಈ ಮೂರು ಪದ ಗೊತ್ತಿರುವ ಮಗುವಿಗೆ ರಷ್ಯಾದ ಪದ್ಧತಿ ಅರ್ಧ ಅರ್ಥವಾದ ಹಾಗೆ.

ರಷ್ಯಾದಲ್ಲಿ ಈ ಪದ್ಧತಿ ತಂದವನು ಮಹಾ ಪೀಟರ್. ಸುಮಾರು 1698ರಲ್ಲಿ ಅವನು ಸಂತ ಆಂಡ್ರ್ಯೂ ಹೆಸರಿನ ಬಿರುದನ್ನು ಶುರುಮಾಡಿದ; ಸಾಮ್ರಾಜ್ಯದಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ಹೆಂಗಸರಿಗೆಂದೇ 1714ರಲ್ಲಿ ಸಂತ ಕ್ಯಾಥರೀನ್ ಬಿರುದು ಬಂತು. ಅಲೆಕ್ಸಾಂಡರ್ ನೆವ್‌ಸ್ಕಿ 1725ರದ್ದು, ಸಂತ ವ್ಲಾದಿಮಿರ್ 1782ರದ್ದು. ಸಂತ ಅನ್ನಾ ಬಿರುದಿಗೆ ಬೇರೆಯೇ ಕತೆ. ಪೀಟರನ ಮಗಳು ಅನ್ನಾ ತೀರಿಕೊಂಡ ಮೇಲೆ ಅವಳ ನೆನಪಿಗೆ ಅವಳ ಜರ್ಮನ್ ಗಂಡ 1735ರಲ್ಲಿ ಇದನ್ನು ಹುಟ್ಟುಹಾಕಿದ. 1797ರಲ್ಲಿ ಅದು ರಷ್ಯಾದ ಬಿರುದುಗಳ ಸಾಲಿಗೆ ಸೇರಿತು. ಅನ್ನಾ ಬಿರುದಿನ ಕೊನೆಯ ದರ್ಜೆಯನ್ನು ಎದೆಯ ಮೇಲೆ ಧರಿಸುತ್ತಿರಲಿಲ್ಲ, ಕತ್ತಿಯ ಹಿಡಿಗೆ ಕೂರಿಸುತ್ತಿದ್ದರು. ಗುಂಡಗೆ, ಕೆಂಪಗೆ ಇರುತ್ತಿದ್ದ ಅದಕ್ಕೆ ಸೇನೆಯಲ್ಲಿ ಬಿದ್ದ ಅಡ್ಡಹೆಸರು 'ಕ್ಲ್ಯೂಕ್ವ', ಅಂದರೆ ಕ್ರ್ಯಾನ್‌ಬೆರಿ ಹಣ್ಣು.

ಎಲ್ಲಕ್ಕಿಂತ ಹೆಚ್ಚು ಕೈಗೆ ಸಿಗುವುದು ಸಂತ ಸ್ತಾನಿಸ್ಲಾವ್ ಬಿರುದಿನ ಮೂರನೇ ದರ್ಜೆ. ಮೇಷ್ಟ್ರು, ಗುಮಾಸ್ತ, ಡಾಕ್ಟರು ಎಲ್ಲರಿಗೂ ಸಲ್ಲುತ್ತಿದ್ದದ್ದು. ಕತೆಗಾರ ಚೆಖೋವ್‌ಗೂ 1899ರಲ್ಲಿ ಇದೇ ಸಿಕ್ಕಿತ್ತು. ಅದಕ್ಕೂ ಎಷ್ಟೋ ವರ್ಷ ಮೊದಲೇ ಅವನು 'ಆರ್ಡರ್' ಅನ್ನುವ ಒಂದು ಪುಟ್ಟ ನಗೆಗತೆ ಬರೆದಿದ್ದ. ಒಬ್ಬ ಮೇಷ್ಟ್ರು ಸಾಹುಕಾರನ ಮನೆಯ ಊಟಕ್ಕೆ ಗೆಳೆಯನ ಸ್ತಾನಿಸ್ಲಾವ್ ಬಿರುದನ್ನು ಎರವಲು ಪಡೆದು ಕೋಟಿಗೆ ಚುಚ್ಚಿಕೊಂಡು ಹೋಗುತ್ತಾನೆ. ಅಲ್ಲಿ ನೋಡಿದರೆ ಎದುರಿಗೇ ಅದೇ ಶಾಲೆಯ ಫ್ರೆಂಚ್ ಮೇಷ್ಟ್ರು! ಸಿಕ್ಕಿಬೀಳುವ ಭಯಕ್ಕೆ ಇವನು ಬಲಗೈಯಿಂದ ಎದೆ ಮುಚ್ಚಿಕೊಂಡು ಊಟವನ್ನೇ ಬಿಟ್ಟು ಕೂರುತ್ತಾನೆ. ಆ ಫ್ರೆಂಚ್ ಮೇಷ್ಟ್ರು ಎದೆ ಮುಚ್ಚಿಕೊಂಡಿದ್ದು ಯಾಕೆ ಅನ್ನುವುದನ್ನು ನಾನು ಹೇಳುವುದಿಲ್ಲ. ಮಲಗುವ ಮುಂಚೆ ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಹೇಳಿ. ಎರಡು ಭಾಷೆಯಲ್ಲೂ ನಗು ಬರುವ ಕತೆ ಅದು.

ಸಿಪಾಯಿಯ ಶಿಲುಬೆ

ಸಂತೆಯ ಆ ಬೆಳ್ಳಿ ಶಿಲುಬೆಗೆ ಬರೋಣ. ನಿಜ ಹೇಳಬೇಕೆಂದರೆ ವಜ್ರ ಕೂರಿಸಿದ ನಕ್ಷತ್ರಗಳಿಗಿಂತ ನನಗೆ ಇದರ ಮೇಲೇ ಪ್ರೀತಿ ಜಾಸ್ತಿ.

ಮಹಾರಾಣಿ ಎರಡನೇ ಕ್ಯಾಥರೀನ್ 1769ರಲ್ಲಿ ಸಂತ ಜಾರ್ಜ್ ಬಿರುದು ಸ್ಥಾಪಿಸಿದಳು. ಅದು ರಣರಂಗದ ಸಾಹಸಕ್ಕೆ ಮೀಸಲು. ವಂಶ, ಪದವಿ ನೋಡಿ ಕೊಡುವಂತಿರಲಿಲ್ಲ. ನಾಲ್ಕು ದರ್ಜೆ. ಮೊದಲನೇ ದರ್ಜೆ ಇಡೀ ಇತಿಹಾಸದಲ್ಲಿ ಸಿಕ್ಕಿದ್ದು ಸುಮಾರು 25 ಜನಕ್ಕೆ. ನಾಲ್ಕೂ ದರ್ಜೆ ಪಡೆದವರು ಬರೀ ನಾಲ್ಕೇ ಜನ: ಕುತುಜೋವ್, ಬಾರ್‌ಕ್ಲಾಯ್ ದೆ ತೊಲ್ಲಿ, ಪಸ್ಕೇವಿಚ್, ದೀಬಿಚ್. ಆದರೆ ಇದೆಲ್ಲ ಅಧಿಕಾರಿಗಳ ಮಾತಾಯಿತು. ಬಂದೂಕು ಹೊತ್ತು ನಡೆಯುವ ಸಿಪಾಯಿಗೆ?

ಅವನಿಗೆ 1807ರ ಫೆಬ್ರವರಿಯಲ್ಲಿ ಮೊದಲನೇ ಅಲೆಕ್ಸಾಂಡರ್ ಬೇರೆಯೇ ಒಂದು ಶಿಲುಬೆ ಮಾಡಿಸಿದ. ಎನಾಮಲ್ ಇಲ್ಲ, ಅಲಂಕಾರ ಇಲ್ಲ, ಬರೀ ಬೆಳ್ಳಿ. ಅದೇ ಕಪ್ಪು-ಕಿತ್ತಳೆ ರಿಬ್ಬನ್. ಮುಂದೆ ಕುದುರೆಯ ಮೇಲೆ ಕೂತು ಘಟಸರ್ಪವನ್ನು ಈಟಿಯಿಂದ ತಿವಿಯುವ ಸಂತ ಜಾರ್ಜ್. ಇದು ಬರೀ ಮರ್ಯಾದೆಯ ಮಾತಲ್ಲ. ಈ ಶಿಲುಬೆ ಬಂದ ಸಿಪಾಯಿಯ ಸಂಬಳ ಮೂರನೇ ಒಂದು ಪಾಲು ಏರುತ್ತಿತ್ತು, ಅವನಿಗೆ ಚಡಿಯೇಟಿನಂಥ ಶಿಕ್ಷೆ ಕೊಡುವಂತಿರಲಿಲ್ಲ. ಆ ಕಾಲದ ರಷ್ಯಾದ ಸೈನ್ಯದಲ್ಲಿ ಬೆನ್ನಿಗೆ ಏಟು ಬೀಳುವುದಿಲ್ಲ ಅನ್ನುವುದು ಸಣ್ಣ ಭಾಗ್ಯವಲ್ಲ. 1856ರಲ್ಲಿ ಇದಕ್ಕೂ ನಾಲ್ಕು ದರ್ಜೆ ಬಂದವು: ಎರಡು ಚಿನ್ನ, ಎರಡು ಬೆಳ್ಳಿ. 1913ರ ಹೊಸ ನಿಯಮದಲ್ಲಿ 'ಜಾರ್ಜ್ ಶಿಲುಬೆ' ಅನ್ನುವ ಹೆಸರು ಅಧಿಕೃತವಾಯಿತು. ನಾಲ್ಕನೇ ದರ್ಜೆಗೆ ವರ್ಷಕ್ಕೆ 36 ರೂಬಲ್, ಮೊದಲನೆಯದಕ್ಕೆ 120. ಅವನು ತೀರಿಕೊಂಡರೆ ಹೆಂಡತಿಗೆ ಇನ್ನೂ ಒಂದು ವರ್ಷ ಆ ಹಣ ಬರುತ್ತಿತ್ತು. (ಬ್ರಿಟನ್ನಿನ 'ಜಾರ್ಜ್ ಕ್ರಾಸ್' 1940ರಲ್ಲಿ ಬಂದ ಬೇರೆಯೇ ಪದಕ. ಅಂತರ್ಜಾಲದಲ್ಲಿ ಹುಡುಕುವಾಗ ಮಕ್ಕಳು ಗೊಂದಲಕ್ಕೆ ಬೀಳುವುದು ಇಲ್ಲೇ.)

ಹುಡುಗಿಯರಿದ್ದ ಮನೆಯಲ್ಲಿ ನಾದೆಜ್ದಾ ದೂರೊವಾಳ ಕತೆ ತಪ್ಪದೆ ಹೇಳಿ. ಗಂಡಸಿನ ವೇಷ ಹಾಕಿಕೊಂಡು ಅಶ್ವದಳ ಸೇರಿ, 1807ರಲ್ಲಿ ನೆಪೋಲಿಯನ್ ವಿರುದ್ಧದ ಕಾಳಗದಲ್ಲಿ ಒಬ್ಬ ಅಧಿಕಾರಿಯ ಪ್ರಾಣ ಉಳಿಸಿದವಳು. ಗುಟ್ಟು ಹೊರಬಿದ್ದಾಗ ಅಲೆಕ್ಸಾಂಡರ್ ದೊರೆ ಅವಳನ್ನು ಕರೆಸಿ ಮಾತಾಡಿಸಿದ, ಮನೆಗೆ ಕಳಿಸಲಿಲ್ಲ. ಸಿಪಾಯಿಯ ಶಿಲುಬೆ ಕೊಟ್ಟು ಸೈನ್ಯದಲ್ಲೇ ಉಳಿಸಿದ. 1836ರಲ್ಲಿ ಅವಳ ನೆನಪುಗಳು ಅಚ್ಚಾದವು. ಪುಷ್ಕಿನ್ ತನ್ನ ಪತ್ರಿಕೆಯಲ್ಲಿ ಅದರ ಭಾಗ ಪ್ರಕಟಿಸಿದ್ದ.

ಇನ್ನೊಂದು ಸಂಗತಿ ನಮ್ಮಂಥ ಮನೆಗಳಿಗೆ ಹೇಳಿಮಾಡಿಸಿದ ಹಾಗಿದೆ. ಆ ಸೇನೆಯಲ್ಲಿ ಕ್ರೈಸ್ತರಲ್ಲದವರೂ ಬೇಕಾದಷ್ಟು ಜನ ಇದ್ದರು, ಮುಖ್ಯವಾಗಿ ಕಾಕಸಸ್ ಬೆಟ್ಟಗಳ ಮುಸ್ಲಿಮರು. ಅವರಿಗೆ ಸಂತನ ಚಿತ್ರ ಕೊಟ್ಟರೆ ಸರಿಹೋಗದು ಅಂತ 1844ರಿಂದ ಸಂತನ ಜಾಗದಲ್ಲಿ ಸಾಮ್ರಾಜ್ಯದ ಎರಡು ತಲೆಯ ಹದ್ದನ್ನು ಅಚ್ಚುಹಾಕಿ ಕೊಡತೊಡಗಿದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಆ ಸಿಪಾಯಿಗಳು "ನಮಗೇಕೆ ಈ ಹಕ್ಕಿ? ಅವರಿಗೆ ಕೊಟ್ಟ ಕುದುರೆ ಸವಾರನೇ ಬೇಕು" ಅಂತ ತಕರಾರು ಮಾಡುತ್ತಿದ್ದರು ಅನ್ನುವ ಮಾತು ಸೇನೆಯಲ್ಲಿ ಬಹಳ ಪ್ರಚಲಿತವಾಗಿತ್ತು. ಅವರ ಕಣ್ಣಿಗೆ ಅವನು ಸಂತನಲ್ಲ, ತಮ್ಮ ಹಾಗೇ ಕುದುರೆ ಏರಿದ ವೀರ. 1913ರ ನಿಯಮದಲ್ಲಿ ಹಕ್ಕಿಯ ಶಿಲುಬೆ ನಿಂತೇಹೋಯಿತು. ಶಾಲೆಯ ಮಧ್ಯಾಹ್ನದ ಊಟಕ್ಕೆ "ಭಾರತದ ಮಕ್ಕಳಿಗೆ" ಅಂತ ಬೇರೆ ತಟ್ಟೆ ಬಂದಾಗ ಮುಖ ಸಣ್ಣ ಮಾಡಿಕೊಂಡ ಮಗುವಿಗೆ ಈ ಕತೆ ಥಟ್ಟನೆ ಹತ್ತಿರವಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಭಾರತೀಯ ಸೇನೆಯ ಕೆಲವು ಸಿಪಾಯಿಗಳಿಗೂ ಮಿತ್ರದೇಶ ರಷ್ಯಾದಿಂದ ಈ ಜಾರ್ಜ್ ಶಿಲುಬೆ, ಪದಕ ಬಂದಿದ್ದವು ಅನ್ನುವುದನ್ನೂ ಸೇರಿಸಿ ಹೇಳಿ.

ಶಿಲುಬೆಯ ಹಿಂದೆ ಏನಿದೆ ನೋಡಿ. ನಡುವೆ ಸಂತನ ಹೆಸರಿನ ಎರಡು ರಷ್ಯನ್ ಅಕ್ಷರಗಳ ಹೆಣಿಗೆ. ಕೆಳಗಿನ ತೋಳಿನಲ್ಲಿ ದರ್ಜೆ. ಅಡ್ಡ ತೋಳುಗಳಲ್ಲಿ ಒಂದು ನಂಬರ್. ಮೊದಮೊದಲು ನಂಬರ್ ಹಾಕುತ್ತಿರಲಿಲ್ಲ, 1809ರಿಂದ ಶುರುವಾಯಿತು. ಆ ನಂಬರೇ ಇಡೀ ಹವ್ಯಾಸದ ಜೀವ. ಯಾವ ನಂಬರು, ಯಾವ ದಳದ ಯಾವ ಸಿಪಾಯಿಗೆ, ಯಾವ ಕಾಳಗಕ್ಕೆ ಅನ್ನುವ ದಾಖಲೆಗಳಲ್ಲಿ ಸಾಕಷ್ಟು ಉಳಿದಿವೆ; ಮಾಸ್ಕೋದ ಸೇನಾ ಇತಿಹಾಸದ ಪತ್ರಾಗಾರದಲ್ಲಿವೆ, ಸಂಪುಟಗಳಾಗಿಯೂ ಅಚ್ಚಾಗಿವೆ. ನಂಬರಿನ ಎಣಿಕೆ ಒಂದಕ್ಕಿಂತ ಹೆಚ್ಚು ಸಲ ಮತ್ತೆ ಒಂದರಿಂದ ಶುರುವಾಗಿರುವುದರಿಂದ, ಶಿಲುಬೆ ಯಾವ ಕಾಲದ್ದು ಅಂತ ಮೊದಲು ಗುರುತಿಸಿಕೊಳ್ಳಬೇಕು. ಮೊದಲ ಮಹಾಯುದ್ಧದಲ್ಲಿ ನಾಲ್ಕನೇ ದರ್ಜೆಯ ಎಣಿಕೆ ಹತ್ತು ಲಕ್ಷ ದಾಟಿತು. ತೋಳಿನಲ್ಲಿ ಜಾಗ ಸಾಲದೆ ಮೇಲಿನ ತೋಳಿನಲ್ಲಿ ಹತ್ತು ಲಕ್ಷದ ಗುರುತಿಗೆ ಬೇರೆ ಮುದ್ರೆ ಒತ್ತಿದರು. ಯುದ್ಧ ಎಳೆದಂತೆ ಚಿನ್ನ-ಬೆಳ್ಳಿಗೂ ಬರಗಾಲ. 1915ರಲ್ಲಿ ಚಿನ್ನದ ಪಾಲು ಇಳಿಯಿತು. ಆಮೇಲೆ ಬಂದ ಶಿಲುಬೆಗಳಲ್ಲಿ 'ಹಳದಿ ಲೋಹ', 'ಬಿಳಿ ಲೋಹ' ಅನ್ನುವುದರ ಮೊದಲಕ್ಷರಗಳಿವೆ, ಅಷ್ಟೇ. ಸಾಮ್ರಾಜ್ಯದ ಬೊಕ್ಕಸ ಬರಿದಾದದ್ದನ್ನು ಮಗು ಅಂಗೈಯಲ್ಲಿಟ್ಟುಕೊಂಡು ಓದಬಹುದು.

ಚೆದುರಿದ್ದು ಹೇಗೆ

1917ರ ಡಿಸೆಂಬರಿನಲ್ಲಿ ಬೋಲ್ಷೆವಿಕ್ ಸರ್ಕಾರ ಸೇನೆಯ ಬಿರುದು, ಪದವಿ, ಗುರುತುಗಳನ್ನೆಲ್ಲ ರದ್ದುಮಾಡಿತು. ಮುಂದೆ ಅದನ್ನು ಮನೆಯಲ್ಲಿಟ್ಟುಕೊಳ್ಳುವುದೇ ಭಯದ ಕೆಲಸ. ಹೂತವರಿದ್ದಾರೆ, ಬಾವಿಗೆ ಎಸೆದವರಿದ್ದಾರೆ. ದೇಶ ಬಿಟ್ಟ ಅಧಿಕಾರಿಗಳು ಬೆಲ್‌ಗ್ರೇಡ್, ಪ್ಯಾರಿಸ್, ಹಾರ್ಬಿನ್ ಸೇರಿ, ಬಾಡಿಗೆ ಕಟ್ಟಲು ಒಂದೊಂದಾಗಿ ಮಾರಿದರು. ದೇಶದಲ್ಲೇ ಉಳಿದವರದ್ದು ಇನ್ನೂ ಕಷ್ಟ. 1930ರ ದಶಕದಲ್ಲಿ 'ತೊರ್ಗ್‌ಸಿನ್' ಅನ್ನುವ ಸರ್ಕಾರಿ ಅಂಗಡಿಗಳಿದ್ದವು. ಅಲ್ಲಿ ಚಿನ್ನ-ಬೆಳ್ಳಿ ಕೊಟ್ಟರೆ ಹಿಟ್ಟು, ಸಕ್ಕರೆ ಸಿಗುತ್ತಿತ್ತು. 1932-33ರ ಭೀಕರ ಬರದಲ್ಲಿ ಮದುವೆ ಉಂಗುರದ ಜೊತೆಗೆ ಅಪ್ಪನ ಜಾರ್ಜ್ ಶಿಲುಬೆಯೂ ಅಲ್ಲಿ ತಕ್ಕಡಿ ಏರಿತು. ತೂಕಕ್ಕಷ್ಟೇ ಬೆಲೆ, ಸಾಹಸಕ್ಕಲ್ಲ. ಇವತ್ತು ಚಿನ್ನದ ಶಿಲುಬೆಗಳು ಅಪರೂಪವಾಗಿರುವುದಕ್ಕೆ ಇದೂ ಒಂದು ಕಾರಣ.

ಕೊಳ್ಳುವುದಾದರೆ

ಮಗುವಿನ ಮೊದಲ ಪದಕಕ್ಕೆ ಶಿಲುಬೆ ಬೇಡ. 1912ರಲ್ಲಿ ನೆಪೋಲಿಯನ್ ಯುದ್ಧದ ನೂರನೇ ವರ್ಷಕ್ಕೆ, 1913ರಲ್ಲಿ ರೊಮಾನೊವ್ ವಂಶದ ಮುನ್ನೂರನೇ ವರ್ಷಕ್ಕೆ ಹೊರಡಿಸಿದ ಕಂಚಿನ ಪದಕಗಳು ಲಕ್ಷಗಟ್ಟಲೆ ಅಚ್ಚಾಗಿದ್ದವು. ಒಂದು ಸಾಧಾರಣ ಆಟಿಕೆಯ ಬೆಲೆಗೆ ಇವತ್ತೂ ಸಿಗುತ್ತವೆ. 1913ರದ್ದರಲ್ಲಿ ಕೊನೆಯ ಝಾರ್ ಎರಡನೇ ನಿಕೊಲಾಯ್ ಮತ್ತು ಆ ವಂಶದ ಮೊದಲ ದೊರೆ ಮಿಖಾಯಿಲ್ ಇಬ್ಬರ ಮುಖವೂ ಇದೆ. ವಂಶದ ಮೊದಲು-ಕೊನೆ ಒಂದೇ ಬಿಲ್ಲೆಯಲ್ಲಿ. ಮಾಡಿಸಿದವರಿಗೆ ಅದು ಕೊನೆ ಅಂತ ಗೊತ್ತಿರಲಿಲ್ಲ, ಪಾಪ.

ಸಿಪಾಯಿಯ ಬೆಳ್ಳಿ ಶಿಲುಬೆಗೆ ಕೆಲವು ನೂರು ಡಾಲರ್ ಬೇಕು. ಅಧಿಕಾರಿಗಳ ಚಿನ್ನದ ಬಿರುದುಗಳು ಸಾವಿರಗಳ ಲೆಕ್ಕ. ಆ ಮಟ್ಟಕ್ಕೆ ಹೋಗುವುದಾದರೆ ಹೆಸರಾದ ಹರಾಜು ಮನೆ, ಬರಹದಲ್ಲಿ ಖಾತರಿ, ರಸೀದಿ ಮೂರೂ ಇಲ್ಲದೆ ಕೈ ಹಾಕಬೇಡಿ. ಅದು ಮಕ್ಕಳ ಹವ್ಯಾಸವೂ ಅಲ್ಲ.

ನಕಲಿ ಹಿಡಿಯುವುದು ಮಾತ್ರ ಮಕ್ಕಳಿಗೆ ಬಹಳ ಇಷ್ಟದ ಕೆಲಸ. ಒಂದು ಅಯಸ್ಕಾಂತ, ಒಂದು ಭೂತಗನ್ನಡಿ, ಒಂದು ಅಡಿಪಟ್ಟಿ ಸಾಕು. ಬೆಳ್ಳಿ, ಕಂಚು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಟಿತೋ, ಕತೆ ಮುಗಿಯಿತು. ಜಾರ್ಜ್ ಶಿಲುಬೆಯ ಅಗಲ ಸುಮಾರು 34 ಮಿಲಿಮೀಟರ್. ನಿಜವಾದದ್ದು ಅಚ್ಚಿನಲ್ಲಿ ಒತ್ತಿ ಮಾಡಿದ್ದು, ಗೆರೆಗಳು ಚುರುಕಾಗಿರುತ್ತವೆ. ಎರಕ ಹೊಯ್ದ ನಕಲಿಯಲ್ಲಿ ಕುದುರೆಯ ಕಾಲು, ಈಟಿ ಮೊಂಡಾಗಿ, ಮೈಮೇಲೆ ಸೂಜಿಮೊನೆಯಷ್ಟು ಗಾಳಿಗುಳಿಗಳು ಕಾಣುತ್ತವೆ. ಮೈಯೆಲ್ಲ ಸವೆದು ನಂಬರ್ ಮಾತ್ರ ಹೊಚ್ಚ ಹೊಸದಾಗಿದ್ದರೆ ಯಾರೋ ತಿದ್ದಿದ್ದಾರೆ. ಅಧಿಕಾರಿಗಳ ಬಿರುದುಗಳಲ್ಲಿ ಮುದ್ರೆ ನೋಡಬೇಕು. ರಷ್ಯಾದಲ್ಲಿ ಶುದ್ಧತೆಯ ಲೆಕ್ಕ 96ಕ್ಕೆ: ಚಿನ್ನದ ಮೇಲೆ 56, ಬೆಳ್ಳಿಯ ಮೇಲೆ 84 ಅಂತ ಇರುತ್ತದೆ. ನಮ್ಮ ಮಕ್ಕಳಿಗೆ ಭಿನ್ನರಾಶಿಯ ಲೆಕ್ಕ ಕನ್ನಡದಲ್ಲಿ ಮಾಡಿಸಲು ಇದಕ್ಕಿಂತ ನೆಪ ಬೇಕೆ? 96ರಲ್ಲಿ 84 ಅಂದರೆ ಸಾವಿರಕ್ಕೆ ಎಷ್ಟು ಅಂತ ಕೇಳಿ. 875 ಅಂತ ಬರಬೇಕು. 1899ರ ನಂತರದ ಮುದ್ರೆಯಲ್ಲಿ ತಲೆಗೆ ಕಿರೀಟದಂಥ ತೊಡುಗೆ ತೊಟ್ಟ ಹೆಂಗಸಿನ ಮುಖ ಇರುತ್ತದೆ. ಎಡಕ್ಕೆ ನೋಡುತ್ತಿದ್ದರೆ 1908ಕ್ಕೆ ಮೊದಲಿನದು, ಬಲಕ್ಕೆ ನೋಡುತ್ತಿದ್ದರೆ ಆಮೇಲಿನದು.

ರಿಬ್ಬನ್ ಹೊಸದಾಗಿದ್ದರೆ ಗಾಬರಿ ಬೇಡ, ಬಟ್ಟೆ ನೂರು ವರ್ಷ ಬಾಳುವುದು ಕಡಿಮೆ. ಆದರೆ ಊರಿಂದ ಅಜ್ಜಿ ಬಂದಿದ್ದಾಗ ಪದಕವನ್ನು ಅಡುಗೆಮನೆಯ ಹತ್ತಿರ ಬಿಡಬೇಡಿ. "ಏನೋ ಇದು, ಇಷ್ಟು ಕಪ್ಪಾಗಿದೆ" ಅಂತ ಹುಣಸೆಹಣ್ಣು ಹಾಕಿ ದೀಪದ ಕಂಬ ತಿಕ್ಕಿದ ಹಾಗೆ ತಿಕ್ಕಿದರೆ ಅದರ ಬೆಲೆಯೂ ಹೋಯಿತು, ವಯಸ್ಸೂ ಹೋಯಿತು. ಆ ಕಪ್ಪೇ ಅದರ ಮೈಬಣ್ಣ. ಮೆತ್ತಗಿನ ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲೂ ಇಡಬೇಡಿ, ಲೋಹ ತಿನ್ನುತ್ತದೆ. ಕಾಗದದ ಲಕೋಟೆ ಸಾಕು.

ಮೂರನೆಯ ಲಿಪಿ

ಎರಡು ಭಾಷೆಯ ಮಕ್ಕಳಿಗೆ ಇನ್ನೊಂದು ಲಿಪಿ ಹೊರೆಯಲ್ಲವೇ ಅಂತ ಕೇಳುವವರಿದ್ದಾರೆ. ಕನ್ನಡದ ಒತ್ತಕ್ಷರ ಕಲಿತವರಿಗೆ ರಷ್ಯನ್ನಿನ 30 ಚಿಲ್ಲರೆ ಅಕ್ಷರ ಒಂದು ವಾರದ ಆಟ. ಜೊತೆಗೆ ಇಂಗ್ಲಿಷಿನಲ್ಲಿ ಇಲ್ಲದ ಸದ್ದುಗಳು ಕನ್ನಡ ಲಿಪಿಯಲ್ಲಿ ಚೆನ್ನಾಗಿ ಕೂರುತ್ತವೆ ಅನ್ನುವುದನ್ನು ಅವರೇ ಕಂಡುಕೊಳ್ಳುತ್ತಾರೆ. 'ಜಾ ಖ್ರಾಬ್ರಸ್ತ್' ಅಂತ ಬರೆದು ಪಕ್ಕದಲ್ಲಿ 'ಶೌರ್ಯಕ್ಕಾಗಿ' ಅಂತ ಅರ್ಥ ಬರೆಯಲಿ. ಆ 'ಗಾಗಿ' ಪ್ರತ್ಯಯ ರಷ್ಯನ್ನಿನಲ್ಲಿ ಪದದ ಮುಂದೆ, ನಮ್ಮಲ್ಲಿ ಪದದ ಹಿಂದೆ. ವ್ಯಾಕರಣದ ಪಾಠ ಅಂತ ಹೇಳದೆ ಮಾಡಿದ ವ್ಯಾಕರಣದ ಪಾಠ.

ಪದಕದ ಬರಹಗಳಲ್ಲಿ ಮಾತಿನ ತಮಾಷೆಯೂ ಇದೆ. 1904-05ರಲ್ಲಿ ರಷ್ಯಾ ಜಪಾನಿನ ಕೈಯಲ್ಲಿ ಹೀನಾಯವಾಗಿ ಸೋತಿತು. ಆ ಯುದ್ಧದ ಪದಕದ ಮೇಲೆ "ದೇವರು ನಿಮ್ಮನ್ನು ತಕ್ಕ ಕಾಲದಲ್ಲಿ ಮೇಲೆತ್ತಲಿ" ಅನ್ನುವ ಅರ್ಥದ ಬರಹವಿದೆ. ಸೋತವರಿಗೆ 'ತಕ್ಕ ಕಾಲದಲ್ಲಿ' ಅಂದರೆ ಚುಚ್ಚಿದ ಹಾಗಲ್ಲವೇ! ಅದಕ್ಕೆ ಜನ ಒಂದು ಕತೆ ಕಟ್ಟಿದರು: ಕಡತದಲ್ಲಿದ್ದದ್ದು "ದೇವರು ಮೇಲೆತ್ತಲಿ" ಅಂತಷ್ಟೇ, ದೊರೆ ಅಂಚಿನಲ್ಲಿ "ತಕ್ಕ ಕಾಲದಲ್ಲಿ ಹೇಳುತ್ತೇನೆ" ಅನ್ನುವ ಹಾಗೆ ಏನೋ ಗೀಚಿದ, ಗುಮಾಸ್ತ ಎರಡನ್ನೂ ಸೇರಿಸಿ ಅಚ್ಚಿಗೆ ಕಳಿಸಿದ ಅಂತ. ಇಡೀ ವಾಕ್ಯ ಬೈಬಲ್ಲಿನಲ್ಲೇ ಇರುವುದರಿಂದ ಇದು ಬರೀ ಕಟ್ಟುಕತೆಯೇ ಇರಬೇಕು. ಆದರೂ ಸರ್ಕಾರಿ ಕಚೇರಿ ಕಂಡ ಕನ್ನಡಿಗರಿಗೆ ನಂಬದಿರುವುದು ಕಷ್ಟ.

ಪಕ್ಕದ ಬೆಂಚಿನ ಮಗು

ಈಗ ಆ ದೊಡ್ಡ ಕಾರಣ. ಕಪ್ಪು-ಕಿತ್ತಳೆ ರಿಬ್ಬನ್ ಬರೀ ಹಳೇ ಬಟ್ಟೆಯಲ್ಲ. ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಸರ್ಕಾರ ಅದನ್ನೇ ಮತ್ತೆ ತಂದು 1943ರ 'ಗ್ಲೋರಿ' ಬಿರುದಿಗೆ, 1945ರ ವಿಜಯ ಪದಕಕ್ಕೆ ಕಟ್ಟಿತು. 2005ರಿಂದ ರಷ್ಯಾದಲ್ಲಿ ವಿಜಯ ದಿನದಂದು ಜನ ಅದನ್ನು ಎದೆಗೆ, ಕಾರಿಗೆ ಕಟ್ಟಿಕೊಳ್ಳುವುದು ರೂಢಿಯಾಯಿತು. 2014ರಿಂದ ಉಕ್ರೇನಿನ ಪೂರ್ವದಲ್ಲಿ ಬಂದೂಕು ಹಿಡಿದ ರಷ್ಯಾ ಪರ ಪಡೆಗಳೂ ಅದನ್ನೇ ಗುರುತಾಗಿ ಕಟ್ಟಿಕೊಂಡರು. ಉಕ್ರೇನ್ 2017ರಲ್ಲಿ ಸಾರ್ವಜನಿಕವಾಗಿ ಅದನ್ನು ಧರಿಸುವುದನ್ನು ನಿಷೇಧಿಸಿತು. ಲಾಟ್ವಿಯಾ, ಲಿಥುವೇನಿಯಾ, ಮೊಲ್ಡೋವಾದಲ್ಲೂ ನಿರ್ಬಂಧ ಬಂತು. ನಿಮ್ಮ ಮಗ ಶಾಲೆಯ 'ತಂದು ತೋರಿಸು' ದಿನಕ್ಕೆ ಸಂಭ್ರಮದಿಂದ ಆ ರಿಬ್ಬನ್ ಹಿಡಿದು ನಿಂತಾಗ, ಖಾರ್ಕಿವ್‌ನಿಂದ ಒಂದು ಚೀಲ ಹೊತ್ತು ಬಂದ ಸಹಪಾಠಿಗೆ ಕಾಣುವುದು 1807ನೇ ಇಸವಿಯಲ್ಲ.

ಇದರ ಅರ್ಥ ಪದಕ ಮುಚ್ಚಿಡಬೇಕು ಅಂತಲ್ಲ. ಆ ಸೇನೆಯಲ್ಲಿ ಉಕ್ರೇನಿನವರು, ಪೋಲೆಂಡಿನವರು, ಜಾರ್ಜಿಯನ್ನರು, ಲಾಟ್ವಿಯನ್ನರು, ತಾತಾರರು ಎಲ್ಲ ಇದ್ದರು. ಆ ಮಗುವಿನ ಮುತ್ತಾತನ ಅಪ್ಪನೇ ಆ ಶಿಲುಬೆ ತೊಟ್ಟಿದ್ದರೂ ಇರಬಹುದು. ಆದರೆ ಅದನ್ನು ಹೇಳುವ ಹಕ್ಕು ನಮ್ಮದಲ್ಲ, ಅವರದ್ದು. ನಾನು ಪಾಲಿಸುವುದು ಇಷ್ಟೇ: ಶಾಲೆಗೆ ರಿಬ್ಬನ್ ಹೋಗುವುದಿಲ್ಲ, ಲೋಹ ಬೇಕಾದರೆ ಹೋಗಲಿ, ಅದೂ ಟೀಚರ್ ಹತ್ತಿರ ಮೊದಲು ಮಾತಾಡಿ. ಮೈಮೇಲೆ ಧರಿಸುವುದಂತೂ ಯಾವತ್ತೂ ಇಲ್ಲ. ಬೇರೆಯವರು ಪ್ರಾಣ ಒತ್ತೆಯಿಟ್ಟು ಪಡೆದದ್ದು, ನಮ್ಮ ಹುಟ್ಟುಹಬ್ಬದ ಅಂಗಿಗೆ ಚುಚ್ಚುವಂಥದ್ದಲ್ಲ.

ಉಳಿದ ಪದಕಗಳಲ್ಲೂ ಮುಳ್ಳಿದೆ. ಸ್ತಾನಿಸ್ಲಾವ್ ಮೂಲದಲ್ಲಿ ಪೋಲೆಂಡಿನ ಬಿರುದು. 1831ರಲ್ಲಿ ಪೋಲಿಷರ ದಂಗೆ ಅಡಗಿಸಿದ ಮೇಲೆ ರಷ್ಯಾ ಅದನ್ನು ತನ್ನದಾಗಿಸಿಕೊಂಡಿತು. ವಾರ್ಸಾ ನಗರ ಹಿಡಿದದ್ದಕ್ಕೂ ಪದಕವಿದೆ, 1863ರ ಇನ್ನೊಂದು ದಂಗೆ ಅಡಗಿಸಿದ್ದಕ್ಕೂ ಇದೆ. 1881ರಲ್ಲಿ ತುರ್ಕಮೆನ್ನರ ಗೆಯೊಕ್-ತೆಪೆ ಕೋಟೆಗೆ ನುಗ್ಗಿದ್ದಕ್ಕೆ ಇನ್ನೊಂದು. ಅಂದು ಕೋಟೆ ಬಿಟ್ಟು ಓಡುತ್ತಿದ್ದ ಹೆಂಗಸರು, ಮಕ್ಕಳೂ ಕತ್ತಿಗೆ ತುತ್ತಾದರು. ಮಗು "ಎಷ್ಟು ಚೆನ್ನಾಗಿದೆ" ಅಂದಾಗ "ಆ ಕಡೆ ಯಾರಿದ್ದರು?" ಅಂತ ಕೇಳುವುದು ನಮ್ಮ ಕೆಲಸ.

ಈ ಪ್ರಶ್ನೆ ನಮಗೆ ದೂರದ್ದಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿ ತನ್ನ ಸೈನ್ಯಕ್ಕೆ ಒಂದು ಪದಕ ಹಂಚಿತು. ಅಧಿಕಾರಿಗಳಿಗೆ ಚಿನ್ನ-ಬೆಳ್ಳಿ, ಸಿಪಾಯಿಗಳಿಗೆ ತವರ. ಅದರ ಮೇಲೆ ಬ್ರಿಟಿಷ್ ಸಿಂಹ ಟಿಪ್ಪುವಿನ ಹುಲಿಯನ್ನು ನೆಲಕ್ಕೆ ಕೆಡವಿ ತುಳಿಯುತ್ತಿದೆ. ಲಂಡನ್ನಿನ ಹರಾಜುಗಳಲ್ಲಿ ಅದು ಆಗಾಗ ಬರುತ್ತದೆ. ಅದರ ಚಿತ್ರವನ್ನೊಮ್ಮೆ ಮಗುವಿನ ಜೊತೆ ಕೂತು ನೋಡಿ. ಟಿಪ್ಪುವಿನ ಬಗ್ಗೆ ನಿಮ್ಮ ಮನೆಯಲ್ಲಿ ಏನೇ ಅಭಿಪ್ರಾಯವಿರಲಿ, ಕಾವೇರಿಯ ದಡದ ಊರು ಬಿದ್ದದ್ದನ್ನು ಇನ್ನೊಬ್ಬರು ಎದೆಯ ಮೇಲೆ ತೂಗುಹಾಕಿಕೊಂಡದ್ದು ಕಂಡಾಗ ಹೊಟ್ಟೆಯಲ್ಲಿ ಏನೋ ಆಗುತ್ತದೆ. ವಾರ್ಸಾದ ಪದಕ ನೋಡಿದ ಪೋಲಿಷ್ ಗೆಳತಿಗೂ ಅದೇ ಆಗುವುದು.

ಕಾನೂನಿನ ನಾಲ್ಕು ಮಾತು

ರಷ್ಯಾದಿಂದ ನೇರವಾಗಿ ತರಿಸುವ ಯೋಚನೆ ಬಿಡಿ. ನೂರು ವರ್ಷ ದಾಟಿದ ಇಂಥ ವಸ್ತುವನ್ನು ಅಲ್ಲಿಂದ ಹೊರತರಲು ಅನುಮತಿ ಬೇಕು. ಈಗ ಅದರ ಮೇಲೆ ಯುದ್ಧದ ನಿರ್ಬಂಧಗಳೂ ಇವೆ. ನೀವಿರುವ ದೇಶದಲ್ಲೇ, ರಸೀದಿ ಕೊಡುವವರ ಹತ್ತಿರ ಕೊಳ್ಳಿ. ಕೊಳ್ಳದೆಯೂ ನೋಡಬಹುದು: ವಾಷಿಂಗ್ಟನ್ನಿನ ಹಿಲ್‌ವುಡ್ ಮ್ಯೂಸಿಯಂನಲ್ಲಿ ಬಿರುದುದಾರರ ಔತಣಕ್ಕೆಂದು ಕ್ಯಾಥರೀನ್ ಮಾಡಿಸಿದ ಪಿಂಗಾಣಿ ತಟ್ಟೆಗಳಿವೆ. ಬ್ರಸೆಲ್ಸಿನ ಸೇನಾ ಮ್ಯೂಸಿಯಂ, ಪ್ಯಾರಿಸ್ಸಿನ ಲೀಜನ್ ಆಫ್ ಆನರ್ ಮ್ಯೂಸಿಯಂ ಎರಡರಲ್ಲೂ ರಷ್ಯಾದ ಬಿರುದುಗಳಿವೆ.

ಈ ಹುಚ್ಚು ಹತ್ತಿದ ಮಗು ರಜೆಗೆ ಊರಿಗೆ ಹೋದಾಗ ಖಂಡಿತ ಕೇಳುತ್ತದೆ, "ನಮ್ಮ ಮನೆಯಲ್ಲಿ ಯಾರಿಗೂ ಪದಕ ಬಂದಿಲ್ಲವಾ?" ಕೊಡಗಿನ ಎಷ್ಟೋ ಮನೆಗಳ ಟ್ರಂಕಿನಲ್ಲಿ, 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕಾದಾಡಿದ ಮೈಸೂರು ಲ್ಯಾನ್ಸರ್ಸ್‌ನವರ ಮನೆಗಳಲ್ಲಿ, ಮೊದಲ ಮಹಾಯುದ್ಧದ ಬ್ರಿಟಿಷ್ ಪದಕಗಳು ಇನ್ನೂ ಇರಬಹುದು. ರಷ್ಯಾದ ಶಿಲುಬೆಯಲ್ಲಿ ಬರೀ ನಂಬರ್ ಇದ್ದರೆ, ಇವುಗಳ ಅಂಚಿನಲ್ಲಿ ಸಿಪಾಯಿಯ ಹೆಸರು, ದಳ ಎಲ್ಲ ಕೊರೆದಿರುತ್ತದೆ. ಸಿಕ್ಕರೆ ಸೂಟ್‌ಕೇಸಿಗೆ ಹಾಕಿಕೊಂಡು ಬರಬೇಡಿ. 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ತುಂಬಿದ ಐತಿಹಾಸಿಕ ವಸ್ತುವನ್ನು ಖಾಸಗಿಯವರು ಭಾರತದಿಂದ ಹೊರಗೆ ಒಯ್ಯುವಂತಿಲ್ಲ. ವಿಮಾನ ನಿಲ್ದಾಣದಲ್ಲಿ ಅಜ್ಜನ ಪದಕ ಅಂದರೆ ಕೇಳುವುದಿಲ್ಲ. ಅಂಚನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಮಗುವಿನ ಕೈಯಲ್ಲೇ ಫೋಟೊ ತೆಗೆಸಿ, ಹೆಸರನ್ನು ಕನ್ನಡದಲ್ಲಿ ಬರೆಸಿ. ಪದಕ ಟ್ರಂಕಿನಲ್ಲೇ ಇರಲಿ.